ಗಂಟೆಯ ಲೆಕ್ಕ, ಬರಹದ ಒಪ್ಪಂದ: ಸಣ್ಣ ಆರ್ಕಿಟೆಕ್ಟ್ ಕಚೇರಿಯನ್ನು ಕಟ್ಟಿ ನಡೆಸುವ ಹಂತಗಳು

ವಾಸ್ತುಶಿಲ್ಪದ ಓದು ಮುಗಿಸಿ ಹೊರಬಂದವರಿಗೆ ವಿನ್ಯಾಸ ಮಾಡಲು ಬರುತ್ತದೆ. ಆ ವಿನ್ಯಾಸಕ್ಕೆ ಎಷ್ಟು ಶುಲ್ಕ ಕೇಳಬೇಕು, ಕೇಳಿದ್ದನ್ನು ಹೇಗೆ ವಸೂಲು ಮಾಡಬೇಕು, ಕಟ್ಟಿಸುವವರು ಮೂರನೆಯ ಸಲ ಅಡುಗೆಮನೆಯ ಜಾಗ ಬದಲಿಸಿದಾಗ ಏನು ಹೇಳಬೇಕು ಎಂಬುದನ್ನು ಮಾತ್ರ ಕಾಲೇಜಿನಲ್ಲಿ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ನಾನು ಹತ್ತಿರದಿಂದ ಕಂಡ ಸಣ್ಣ ಕಚೇರಿಗಳ ಪೈಕಿ ವಿನ್ಯಾಸ ಕೆಟ್ಟದಾಗಿದ್ದರಿಂದ ಬಾಗಿಲು ಮುಚ್ಚಿದವು ತೀರ ಕಡಿಮೆ. ತಮ್ಮ ಗಂಟೆಗಳು ಎಲ್ಲಿ ಕರಗಿಹೋದವು ಎಂಬ ಲೆಕ್ಕವಿಲ್ಲದೆ, ಯಾರು ಯಾವಾಗ ಯಾವುದನ್ನು ಒಪ್ಪಿದರು ಎಂಬ ಬರಹವಿಲ್ಲದೆ ಸೊರಗಿದವೇ ಹೆಚ್ಚು. ಈ ಎರಡನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳುವುದು ಹೇಗೆ ಎಂಬುದನ್ನೇ ಮುಖ್ಯವಾಗಿ ಇಟ್ಟುಕೊಂಡು ಮುಂದಿನ ಹಂತಗಳನ್ನು ಬರೆದಿದ್ದೇನೆ.

ಮೊದಲ ಹಂತ: ನೋಂದಣಿ ಮತ್ತು ಬೇರೆಯವರ ಕಚೇರಿಯಲ್ಲಿ ಕಳೆಯುವ ವರ್ಷಗಳು

ಬಹುಪಾಲು ದೇಶಗಳಲ್ಲಿ ‘ಆರ್ಕಿಟೆಕ್ಟ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ಅಮೆರಿಕದ ಇಲಿನಾಯ್ ರಾಜ್ಯ 1897ರಲ್ಲೇ ಪರವಾನಗಿಯ ಕಾನೂನು ತಂದಿತು. ಭಾರತದಲ್ಲಿ 1972ರ ಕಾಯ್ದೆ, ಬ್ರಿಟನ್ನಿನಲ್ಲಿ 1997ರ ಕಾಯ್ದೆ ಇದೇ ಕೆಲಸ ಮಾಡುತ್ತವೆ. ಪದವಿ ಕೈಗೆ ಬಂದ ಮಾತ್ರಕ್ಕೆ ಆ ಹೆಸರನ್ನು ಬೋರ್ಡಿನ ಮೇಲೆ ಬರೆಸುವಂತಿಲ್ಲ. 1948ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ವಾಸ್ತುಶಿಲ್ಪಿಗಳ ಒಕ್ಕೂಟ ಕನಿಷ್ಠ 5 ವರ್ಷಗಳ ಪೂರ್ಣಾವಧಿ ಓದನ್ನೂ ಅದರ ಮೇಲೆ ಕನಿಷ್ಠ 2 ವರ್ಷಗಳ ಕಚೇರಿ ಅನುಭವವನ್ನೂ ಶಿಫಾರಸು ಮಾಡುತ್ತದೆ. ನೀವು ಕೆಲಸ ಮಾಡಬೇಕೆಂದಿರುವ ಸ್ಥಳದ ನಿಯಮವನ್ನು ಓದು ಮುಗಿಯುವ ಮೊದಲೇ ತಿಳಿದುಕೊಂಡು, ಅನುಭವದ ದಾಖಲೆಗೆ ಯಾರ ಸಹಿ ಬೇಕು, ಯಾವ ನಮೂನೆಯಲ್ಲಿ ಬೇಕು ಎಂಬುದನ್ನು ಕೆಲಸಕ್ಕೆ ಸೇರಿದ ವಾರದಲ್ಲೇ ಖಚಿತಪಡಿಸಿಕೊಳ್ಳಿ. ಎರಡು ವರ್ಷದ ನಂತರ ಹಿಂದಿನ ಕೆಲಸವನ್ನೆಲ್ಲ ನೆನಪಿನಿಂದ ಹೆಕ್ಕಿ ತುಂಬುವುದು ಕಷ್ಟ.

ಯಾವ ಕಚೇರಿಗೆ ಸೇರಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಹೆಸರಾಂತ ದೊಡ್ಡ ಕಚೇರಿಯಲ್ಲಿ ಎರಡು ವರ್ಷ ಬರೀ ಕಿಟಕಿಗಳ ಪಟ್ಟಿ ತಯಾರಿಸುವುದಕ್ಕಿಂತ, ಒಂದೇ ಒಂದು ಕಟ್ಟಡವನ್ನು ಮೊದಲ ಮಾತುಕತೆಯಿಂದ ಬೀಗದ ಕೈ ಒಪ್ಪಿಸುವ ತನಕ ನೋಡಲು ಬಿಡುವ ಸಣ್ಣ ಕಚೇರಿ ಮೇಲು. ಸಂದರ್ಶನದಲ್ಲಿ ನೀವೂ ಮೂರು ಪ್ರಶ್ನೆ ಕೇಳಿ: ಹೊಸಬರನ್ನು ಸೈಟಿಗೆ ಕಳಿಸುತ್ತೀರಾ, ಸಭೆಯ ಟಿಪ್ಪಣಿ ಬರೆಯಲು ಕೊಡುತ್ತೀರಾ, ಗುತ್ತಿಗೆದಾರರ ಬಿಲ್ಲು ಪರಿಶೀಲಿಸುವಾಗ ಪಕ್ಕದಲ್ಲಿ ಕೂರಲು ಬಿಡುತ್ತೀರಾ? ಮೂರಕ್ಕೂ ಹೌದು ಎಂದವರ ಬಳಿ ಸಂಬಳ ತುಸು ಕಡಿಮೆಯಿದ್ದರೂ ಸೇರಬಹುದು. ಸಂಬಳವನ್ನೇ ಕೊಡದೆ ‘ಕಲಿಯಲು ಅವಕಾಶ’ ಎಂದಷ್ಟೇ ಹೇಳುವವರ ಬಳಿ ಸೇರಬೇಡಿ. ಅಲ್ಲಿ ನೀವು ಕಲಿಯುವುದು ದುಡಿಮೆಗೆ ಬೆಲೆಯಿಲ್ಲ ಎಂಬ ಪಾಠವನ್ನು, ಮತ್ತು ಅದನ್ನೇ ಮುಂದೆ ನಿಮ್ಮ ಕಚೇರಿಗೂ ಹೊತ್ತು ತರುತ್ತೀರಿ.

ಸೈಟು ಕಲಿಸುವುದು ಏನು ಎಂಬುದಕ್ಕೆ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಸ್ವತಂತ್ರವಾಗಿ ಬರೆದ ಮೊದಲ ಮೆಟ್ಟಿಲಿನ ನಕ್ಷೆಯಲ್ಲಿ ಮಹಡಿಯಿಂದ ಮಹಡಿಗೆ 3,000 ಮಿಲಿಮೀಟರ್ ಎತ್ತರವಿತ್ತು. ಅದನ್ನು 20ರಿಂದ ಭಾಗಿಸಿ ಪ್ರತಿ ಮೆಟ್ಟಿಲಿಗೆ 150 ಎಂದು ಬರೆದೆ. ಆ 150 ಬರೀ ಕಾಂಕ್ರೀಟಿನ ಅಳತೆಯೋ, ಮೇಲಿನ ಕಲ್ಲು ಹಾಸಿದ ನಂತರದ್ದೋ ಎಂಬುದನ್ನು ಬರೆಯಲಿಲ್ಲ. ಸೆಂಟ್ರಿಂಗಿನವರು ಕಾಂಕ್ರೀಟಿಗೇ 150 ಹಿಡಿದು ಎರಕ ಹೊಯ್ದರು. ಆಮೇಲೆ ನೆಲಕ್ಕೆ ಗಾರೆಯೂ ಸೇರಿ 50 ಮಿಲಿಮೀಟರ್ ದಪ್ಪ ಬಂತು, ಮೆಟ್ಟಿಲಿನ ಮೇಲೆ 20 ಮಾತ್ರ. ಹೀಗಾಗಿ ಕೆಳಗಿನ ಮೊದಲ ಮೆಟ್ಟಿಲು 120ಕ್ಕೆ ಇಳಿಯಿತು, ಮೇಲಿನ ಕೊನೆಯ ಮೆಟ್ಟಿಲು 180ಕ್ಕೆ ಏರಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಕಾಲಿಗೆ ತನ್ನದೇ ಲೆಕ್ಕವಿದೆ: ಹತ್ತೊಂಬತ್ತು ಮೆಟ್ಟಿಲು ಹತ್ತಿ ಲಯ ಹಿಡಿದ ಪಾದ ಇಪ್ಪತ್ತನೆಯದರ ಅಂಚಿಗೆ ತಪ್ಪದೆ ತಗಲುತ್ತಿತ್ತು. ಮನೆಗೆ ಬಂದವರು ಒಬ್ಬರಾದ ಮೇಲೊಬ್ಬರು ಅದೇ ಜಾಗದಲ್ಲಿ ಮುಗ್ಗರಿಸುವುದನ್ನು ಕೆಳಗೆ ನಿಂತು ನೋಡಿದ ಮೇಲೆ, ಲೆವೆಲ್ (ಎತ್ತರದ ಅಳತೆ) ಬರೆಯುವಾಗಲೆಲ್ಲ ಅದು ಫಿನಿಶ್ (ಮೇಲಿನ ಕಲ್ಲು, ಗಾರೆ) ಆದ ನಂತರದ್ದೋ ಮೊದಲಿನದ್ದೋ ಎಂದು ಬರೆಯದೆ ಮುಂದೆ ಹೋಗಿಲ್ಲ.

ಎರಡನೆಯ ಹಂತ: ಸ್ವಂತ ಕಚೇರಿಗೆ ಸಮಯ ಬಂದಿದೆಯೇ ಎಂದು ತೂಗಿ ನೋಡುವುದು

ವಯಸ್ಸಾಗಲಿ ಅನುಭವದ ವರ್ಷಗಳಾಗಲಿ ಇದಕ್ಕೆ ಸರಿಯಾದ ಅಳತೆಗೋಲಲ್ಲ. ಕಟ್ಟಡವೊಂದರ, ಸೈಟಿನಲ್ಲಿ ನೋಡಿಕೊಂಡು ಕಟ್ಟುವ ಅಳತೆ-ವಿವರಗಳುಳ್ಳ ನಕ್ಷೆಗಳಾದ ವರ್ಕಿಂಗ್ ಡ್ರಾಯಿಂಗ್‌ಗಳನ್ನು ಇನ್ನೊಬ್ಬರ ತಿದ್ದುಪಡಿಯಿಲ್ಲದೆ ಮುಗಿಸಬಲ್ಲಿರಾ, ಗುತ್ತಿಗೆದಾರರ ದರಪಟ್ಟಿಯನ್ನು ಓದಿ ಎಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಬಲ್ಲಿರಾ, ಆದಾಯವೇ ಇಲ್ಲದೆ ಆರು ತಿಂಗಳು ಮನೆ ನಡೆಸುವಷ್ಟು ಹಣ ಪ್ರತ್ಯೇಕವಾಗಿ ಇದೆಯೇ ಎಂದು ಕೇಳಿಕೊಳ್ಳಿ. ಮೂರನೆಯದು ಇಲ್ಲದಿದ್ದರೆ ಉಳಿದೆರಡು ಇದ್ದೂ ಪ್ರಯೋಜನವಿಲ್ಲ, ಏಕೆಂದರೆ ಹಣದ ಒತ್ತಡದಲ್ಲಿರುವವರು ಬೇಡವೆನ್ನಬೇಕಾದ ಕೆಲಸಕ್ಕೂ ಒಪ್ಪಿಬಿಡುತ್ತಾರೆ. ಬಿಟ್ಟು ಬರುವ ಕಚೇರಿಯ ನಕ್ಷೆಗಳನ್ನಾಗಲಿ ಅವರ ಗ್ರಾಹಕರ ವಿವರಗಳನ್ನಾಗಲಿ ಅನುಮತಿಯಿಲ್ಲದೆ ತರಬೇಡಿ. ಪೋರ್ಟ್‌ಫೋಲಿಯೊದಲ್ಲಿ ಅಲ್ಲಿನ ಕೆಲಸ ತೋರಿಸುವಾಗ ಕಚೇರಿಯ ಹೆಸರನ್ನೂ ಅದರಲ್ಲಿ ನಿಮ್ಮ ಪಾಲು ಎಷ್ಟು ಎಂಬುದನ್ನೂ ನೇರವಾಗಿ ಬರೆಯಿರಿ.

ಕಚೇರಿ ಎಷ್ಟು ದೊಡ್ಡದಾಗಬೇಕು ಎಂಬುದನ್ನೂ ಈಗಲೇ ಯೋಚಿಸುವುದು ಒಳ್ಳೆಯದು. ಆಸ್ಟ್ರೇಲಿಯಾದ ಗ್ಲೆನ್ ಮರ್ಕಟ್ 1969ರಲ್ಲಿ ಸ್ವಂತ ಕಚೇರಿ ಆರಂಭಿಸಿ, ಬಹುಪಾಲು ಒಬ್ಬರೇ ಕೆಲಸ ಮಾಡಿ, ಹೆಚ್ಚಾಗಿ ಮನೆಗಳನ್ನೇ ವಿನ್ಯಾಸ ಮಾಡಿ 2002ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದರು. ಸಣ್ಣ ಕಚೇರಿಯೆಂದರೆ ಬೆಳೆಯಲಾಗದೆ ನಿಂತುಹೋದದ್ದು ಎಂದು ತಿಳಿಯಬೇಕಿಲ್ಲ. ಹಾಗೆಯೇ ಉಳಿಯಬೇಕೆಂದು ತೀರ್ಮಾನಿಸಿ ನಡೆಸಬಹುದು. ಆದರೆ ಆ ತೀರ್ಮಾನಕ್ಕೆ ತಕ್ಕ ಗಂಟೆಗಳ ಲೆಕ್ಕ ಇರಬೇಕು.

ಮೂರನೆಯ ಹಂತ: ಒಂದು ಗಂಟೆಯ ಬೆಲೆಯನ್ನು ಕಂಡುಹಿಡಿಯುವುದು

ಕಾಗದ ತೆಗೆದುಕೊಂಡು ಕೂತು ಈ ಲೆಕ್ಕವನ್ನು ಮಾಡಿ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2,080 ಗಂಟೆ. ಹಬ್ಬ, ರಜೆ, ಕಾಯಿಲೆ ಎಲ್ಲ ಸೇರಿ ಆರು ವಾರ ಕಳೆದರೆ ಉಳಿಯುವುದು 1,840. ಇದರಲ್ಲಿ ಹೊಸ ಕೆಲಸ ಹುಡುಕುವುದು, ಲೆಕ್ಕಪತ್ರ, ಅರ್ಜಿ, ಕಂಪ್ಯೂಟರ್ ರಿಪೇರಿ, ಓದು ಇವಕ್ಕೆಲ್ಲ ಸಮಯ ಹೋಗುತ್ತದೆ. ಒಬ್ಬರೇ ನಡೆಸುವ ಕಚೇರಿಯಲ್ಲಿ ಶುಲ್ಕ ಸಿಗುವ ಕೆಲಸಕ್ಕೆ ನೂರಕ್ಕೆ 60 ಪಾಲು ಸಿಕ್ಕರೆ ಅದೇ ಹೆಚ್ಚು. ಅಲ್ಲಿಗೆ ವರ್ಷಕ್ಕೆ ಸುಮಾರು 1,100 ಗಂಟೆ. ಈಗ ನಿಮ್ಮ ಸಂಬಳ, ಬಾಡಿಗೆ, ಸಾಫ್ಟ್‌ವೇರ್, ವಿಮೆ, ಪ್ರಯಾಣ, ತೆರಿಗೆ, ಕಷ್ಟಕಾಲದ ಉಳಿತಾಯ ಎಲ್ಲವನ್ನೂ ಕೂಡಿಸಿ ಆ ಮೊತ್ತವನ್ನು 1,100ರಿಂದ ಭಾಗಿಸಿ. ಬಂದದ್ದು ನಿಮ್ಮ ಒಂದು ಗಂಟೆಯ ಅಸಲು. ಲಾಭವನ್ನು ಇದರ ಮೇಲೆ ಸೇರಿಸಬೇಕು. ಹೊಸಬರು ಸಾಮಾನ್ಯವಾಗಿ 2,080ರಿಂದ ಭಾಗಿಸಿ, ಕೆಲಸ ಮಾಡುವ ಗಂಟೆಗೆಲ್ಲ ಹಣ ಬರುತ್ತದೆಂದು ನಂಬಿ, ಅಸಲಿನ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕೇಳುತ್ತಾರೆ. ವರ್ಷಪೂರ್ತಿ ರಾತ್ರಿ ಹಗಲು ದುಡಿದರೂ ಕೈಯಲ್ಲಿ ಏನೂ ಉಳಿಯದಿರುವುದು ಇದರಿಂದಲೇ.

ಇದೇ ಲೆಕ್ಕ ಇನ್ನೊಂದನ್ನೂ ತೋರಿಸುತ್ತದೆ. ಒಂದು ಸಾಧಾರಣ ಮನೆಗೆ ನಿಮ್ಮಿಂದ 400 ಗಂಟೆ ಬೇಕೆಂದು ಇಟ್ಟುಕೊಳ್ಳೋಣ. ರೂಢಿಯ ಹಂಚಿಕೆಯಂತೆ ಆರಂಭದ ಕಲ್ಪನೆಗೆ ನೂರಕ್ಕೆ 15, ವಿನ್ಯಾಸದ ವಿಸ್ತರಣೆಗೆ 20, ವರ್ಕಿಂಗ್ ಡ್ರಾಯಿಂಗ್‌ಗೆ 40, ಗುತ್ತಿಗೆದಾರರ ಆಯ್ಕೆಗೆ 5, ಕಟ್ಟುವ ಕಾಲಕ್ಕೆ 20 ಎಂದರೆ ಕ್ರಮವಾಗಿ 60, 80, 160, 20 ಮತ್ತು 80 ಗಂಟೆ. 1,100 ಗಂಟೆಯಲ್ಲಿ ಇಂಥ ಮನೆಗಳು ಮೂರು ಕೂಡ ಹಿಡಿಸುವುದಿಲ್ಲ. ಏಳು ಮನೆ ಒಪ್ಪಿಕೊಂಡಿದ್ದೇನೆ ಎಂದು ಹೆಮ್ಮೆಯಿಂದ ಹೇಳುವವರು ಏಳರಲ್ಲೂ ಏನನ್ನೋ ಬಿಡುತ್ತಿದ್ದಾರೆ, ಮತ್ತು ಬಿಟ್ಟದ್ದು ಸೈಟಿನಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ 400 ನನ್ನ 400ಕ್ಕೆ ಸಮನಾಗಿರಬೇಕಿಲ್ಲ. ಅದಕ್ಕಾಗಿಯೇ ಪ್ರತಿದಿನ ಸಂಜೆ ಐದು ನಿಮಿಷ ಕೂತು ಯಾವ ಕೆಲಸದ ಯಾವ ಹಂತಕ್ಕೆ ಎಷ್ಟು ಗಂಟೆ ಹೋಯಿತೆಂದು ಬರೆದಿಡಿ. ಎರಡು ಕಟ್ಟಡ ಮುಗಿಯುವಷ್ಟರಲ್ಲಿ ನಿಮ್ಮದೇ ಅಂಕಿಗಳು ನಿಮ್ಮ ಬಳಿ ಇರುತ್ತವೆ, ಮೂರನೆಯ ಶುಲ್ಕವನ್ನು ಊಹೆಯಿಂದ ಹೇಳಬೇಕಾಗುವುದಿಲ್ಲ.

ಶುಲ್ಕವನ್ನು ಕಟ್ಟಡದ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ ಕೇಳಬೇಕೆ, ಇಡಿಯಾಗಿ ಇಂತಿಷ್ಟು ಎಂದು ಕೇಳಬೇಕೆ, ಗಂಟೆಯ ಲೆಕ್ಕದಲ್ಲಿ ಕೇಳಬೇಕೆ ಎಂಬ ಚರ್ಚೆ ಹಳೆಯದು. ಶೇಕಡಾವಾರು ಪದ್ಧತಿ ಸುಲಭವಾಗಿ ಅರ್ಥವಾಗುತ್ತದೆ, ಆದರೆ ಅದರಲ್ಲೊಂದು ದೋಷವಿದೆ: ನೀವು ಹೆಚ್ಚು ಶ್ರಮಪಟ್ಟು ಕಟ್ಟಡದ ಖರ್ಚು ಇಳಿಸಿದಷ್ಟೂ ನಿಮ್ಮ ಶುಲ್ಕ ಇಳಿಯುತ್ತದೆ. ಸೈಟು, ಬಜೆಟ್ಟು, ಕೋಣೆಗಳ ಪಟ್ಟಿ ಸ್ಪಷ್ಟವಾಗುವ ತನಕ ಗಂಟೆಯ ಲೆಕ್ಕ, ಸ್ಪಷ್ಟವಾದ ಮೇಲೆ ಹಂತಕ್ಕಿಷ್ಟು ಎಂಬ ನಿಗದಿತ ಮೊತ್ತ ಎಂಬ ಜೋಡಣೆ ನನಗೆ ಹೆಚ್ಚು ಒಗ್ಗಿದೆ.

ನಾಲ್ಕನೆಯ ಹಂತ: ಒಪ್ಪಂದವನ್ನು ಬರಹದಲ್ಲಿ ಮಾಡಿಕೊಳ್ಳುವುದು

ಪರಿಚಯದವರು, ಸಂಬಂಧಿಕರು, ಅಪ್ಪನ ಗೆಳೆಯರು ಎಂಬ ಕಾರಣಕ್ಕೆ ಬಾಯಿಮಾತಿನಲ್ಲೇ ಆರಂಭಿಸುವುದು ಹೊಸಬರಲ್ಲಿ ತುಂಬ ಸಾಮಾನ್ಯ. ಹೆಚ್ಚಿನವರ ಮೊದಲ ಗ್ರಾಹಕರು ಪರಿಚಯದವರೇ ಆಗಿರುವುದರಿಂದ ಬರಹದ ಅಗತ್ಯ ಅಲ್ಲೇ ಹೆಚ್ಚು. ಒಪ್ಪಂದ ಕೈಕೊಟ್ಟರೆ ಹಣದ ಜೊತೆ ಸಂಬಂಧವೂ ಹೋಗುತ್ತದೆ. ಅನೇಕ ದೇಶಗಳ ವೃತ್ತಿಸಂಘಗಳು ಮಾದರಿ ಒಪ್ಪಂದಗಳನ್ನು ಪ್ರಕಟಿಸುತ್ತವೆ. ಅವನ್ನು ಆಧಾರವಾಗಿ ಇಟ್ಟುಕೊಂಡು, ಒಮ್ಮೆ ವಕೀಲರಿಗೆ ತೋರಿಸಿ ನಿಮ್ಮ ನಮೂನೆಯನ್ನು ಗಟ್ಟಿ ಮಾಡಿಕೊಳ್ಳಿ.

ಕೆಲಸವನ್ನು ಹಂತಗಳಾಗಿ ಒಡೆಯುವುದು ಒಪ್ಪಂದದ ಬೆನ್ನೆಲುಬು. ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ 1963ರಲ್ಲಿ ಮೊದಲು ಹೊರತಂದು ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿರುವ ಕೆಲಸದ ಯೋಜನೆಯಲ್ಲಿ ಈಗ 0ಯಿಂದ 7ರವರೆಗೆ ಎಂಟು ಹಂತಗಳಿವೆ. ಸಣ್ಣ ಮನೆಗೆ ಅಷ್ಟು ಬೇಡವಾದರೆ ಮೇಲೆ ಹೇಳಿದ ಐದು ಸಾಕು. ಪ್ರತಿ ಹಂತದ ಕೊನೆಯಲ್ಲಿ ಯಾವ ಯಾವ ಹಾಳೆಗಳು ಕೊಡಲ್ಪಡುತ್ತವೆ, ಎಷ್ಟು ಸಲ ತಿದ್ದುಪಡಿ ಶುಲ್ಕದಲ್ಲೇ ಸೇರಿದೆ, ಎಷ್ಟು ಹಣ ಯಾವ ದಿನದೊಳಗೆ ಬರಬೇಕು ಎಂಬುದನ್ನು ಸಂಖ್ಯೆಯಲ್ಲೇ ಬರೆಯಿರಿ. ಹಂತದ ಕೊನೆಗೆ ಕಟ್ಟಿಸುವವರ ಸಹಿ ಪಡೆದು, ಹಣ ಬಂದ ಮೇಲೆಯೇ ಮುಂದಿನ ಹಂತಕ್ಕೆ ಕೈ ಹಾಕಿ. ಮುಂಗಡವಿಲ್ಲದೆ ಒಂದು ಗೆರೆಯನ್ನೂ ಎಳೆಯಬೇಡಿ. ಮುಂಗಡ ಕೇಳಿದಾಗ ಹಿಂಜರಿಯುವವರು ಕೊನೆಯ ಕಂತಿಗೂ ಹಿಂಜರಿಯುತ್ತಾರೆಂಬುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಒಪ್ಪಂದದಲ್ಲಿ ಏನು ಸೇರಿದೆ ಎಂಬಷ್ಟೇ ಎಚ್ಚರದಿಂದ ಏನು ಸೇರಿಲ್ಲ ಎಂಬುದನ್ನೂ ಬರೆಯಬೇಕು. ಸ್ಟ್ರಕ್ಚರಲ್ ಎಂಜಿನಿಯರ್ ಶುಲ್ಕ, ಮಣ್ಣಿನ ಪರೀಕ್ಷೆ, ಸರ್ವೆ, ಒಳಾಂಗಣದ ಪೀಠೋಪಕರಣ, ಮಾದರಿ ಮತ್ತು ತ್ರೀಡಿ ಚಿತ್ರಗಳು, ಸರ್ಕಾರಿ ಅನುಮತಿಯ ಓಡಾಟ ಇವುಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂಬುದು ಮಾತಿನಲ್ಲಿ ಉಳಿದರೆ ಎಲ್ಲವೂ ಒಳಗೇ ಇದ್ದವೆಂದು ಕಟ್ಟಿಸುವವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಸೈಟ್ ಭೇಟಿಗಳ ವಿಷಯವನ್ನು ಉದಾಹರಣೆಯಾಗಿ ನೋಡಿ. ಹದಿನೈದು ದಿನಕ್ಕೊಮ್ಮೆಯಂತೆ ಹತ್ತು ತಿಂಗಳಿಗೆ 20 ಭೇಟಿ, ಪ್ರಯಾಣ ಮತ್ತು ಟಿಪ್ಪಣಿ ಸೇರಿ ಭೇಟಿಗೆ 4 ಗಂಟೆ, ಒಟ್ಟು 80 ಗಂಟೆ; ನಮ್ಮ ಲೆಕ್ಕಕ್ಕೆ ಸರಿಹೋಯಿತು. ಗುತ್ತಿಗೆದಾರರು ಬದಲಾಗಿ, ಮಳೆಗಾಲ ಬಂದು, ಹಣ ಹೊಂದಿಸಲಾಗದೆ ಕೆಲಸ ಹದಿನಾರು ತಿಂಗಳಿಗೆ ಎಳೆದರೆ 32 ಭೇಟಿ, 128 ಗಂಟೆ. ತಡವಾಗಿದ್ದಕ್ಕೆ ನೀವು ಕಾರಣರಲ್ಲ, ಆದರೂ ಹೆಚ್ಚಿನ 48 ಗಂಟೆ ನಿಮ್ಮ ತಲೆಗೆ. ‘ಅಗತ್ಯವಿದ್ದಾಗಲೆಲ್ಲ ಸೈಟ್ ಭೇಟಿ’ ಎಂದು ಬರೆಯುವ ಬದಲು ‘20 ಭೇಟಿಗಳು, ಮುಂದಿನ ಪ್ರತಿ ಭೇಟಿಗೆ ಇಷ್ಟು’ ಎಂದು ಬರೆದಿದ್ದರೆ ಈ ನಷ್ಟವಿಲ್ಲ, ಜಗಳವೂ ಇಲ್ಲ. ಕೆಲಸ ನಡುವೆ ನಿಂತರೆ ಹಣದ ಇತ್ಯರ್ಥ ಹೇಗೆ, ನಕ್ಷೆಗಳ ಕೃತಿಸ್ವಾಮ್ಯ ಯಾರದು, ಅದೇ ನಕ್ಷೆಯಿಂದ ಎರಡನೆಯ ಕಟ್ಟಡ ಕಟ್ಟಬಹುದೇ ಎಂಬ ವಾಕ್ಯಗಳೂ ಇರಲಿ.

ವೃತ್ತಿ ಹೊಣೆಗಾರಿಕೆಯ ವಿಮೆ (ನಿಮ್ಮ ಕೆಲಸದ ತಪ್ಪಿನಿಂದ ಬೇರೆಯವರಿಗಾದ ನಷ್ಟ ತುಂಬುವುದು) ಕೆಲವು ಕಡೆ ಕಡ್ಡಾಯ, ಕೆಲವು ಕಡೆ ಐಚ್ಛಿಕ, ಎಲ್ಲಿದ್ದರೂ ಮಾಡಿಸಿ. ಈ ವಿಮೆ ಸಾಮಾನ್ಯವಾಗಿ ದೂರು ಬಂದ ದಿನ ಚಾಲ್ತಿಯಲ್ಲಿದ್ದರೆ ಮಾತ್ರ ನೆರವಾಗುತ್ತದೆ, ಆದ್ದರಿಂದ ಕಟ್ಟಡ ಮುಗಿಯಿತೆಂದು ಕಂತು ನಿಲ್ಲಿಸಬಾರದು.

ಐದನೆಯ ಹಂತ: ಮೊದಲ ಭೇಟಿ, ಮತ್ತು ಇಲ್ಲ ಎನ್ನುವುದು

ಮೊದಲ ಭೇಟಿಯಲ್ಲಿ ಪೆನ್ಸಿಲು ಕೆಳಗಿಡಿ. ಕಟ್ಟಿಸುವವರಿಗೆ ಏನು ಬೇಕು ಎಂಬುದಕ್ಕಿಂತ ಅವರು ಈಗ ಹೇಗೆ ಬದುಕುತ್ತಿದ್ದಾರೆ ಎಂಬುದನ್ನು ಕೇಳಿ: ಬೆಳಿಗ್ಗೆ ಮೊದಲು ಎದ್ದವರು ಎಲ್ಲಿ ಕೂರುತ್ತಾರೆ, ಒದ್ದೆ ಬಟ್ಟೆ ಎಲ್ಲಿ ಒಣಗುತ್ತದೆ, ಮನೆಯ ಯಾವ ಮೂಲೆ ವರ್ಷವಿಡೀ ಬಳಕೆಯಿಲ್ಲದೆ ಬಿದ್ದಿರುತ್ತದೆ. ಸಾಧ್ಯವಾದರೆ ಅವರ ಈಗಿನ ಮನೆಯಲ್ಲೇ ಭೇಟಿಯಾಗಿ, ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳಿ. ಬಜೆಟ್ಟನ್ನು ಅಂದೇ ಬಾಯಿಬಿಟ್ಟು ಕೇಳಿ, ಮತ್ತು ಅವರು ಬಯಸುವ ವಿಸ್ತೀರ್ಣವನ್ನು ಈಗಿನ ಕಟ್ಟುವ ದರದಿಂದ ಗುಣಿಸಿ ಅಲ್ಲೇ ತೋರಿಸಿ. ಆ ಮೊತ್ತ ಬಜೆಟ್ಟಿನ ಎರಡರಷ್ಟಾದರೆ ಮನೆ ಚಿಕ್ಕದಾಗಬೇಕು ಅಥವಾ ಹಣ ಹೆಚ್ಚಬೇಕು. ಚೆಂದದ ಚಿತ್ರ ತೋರಿಸಿ ಆ ಮಾತನ್ನು ಮುಂದೂಡುವುದು ಇಬ್ಬರಿಗೂ ಅನ್ಯಾಯ.

ಹಿಂದಿನ ಆರ್ಕಿಟೆಕ್ಟರಿಗೆ ಹಣ ಕೊಡದೆ ಬಂದವರಿಗೆ, ಬೇರೆಯವರ ನಕ್ಷೆಗೆ ಬರೀ ಸಹಿ ಕೇಳುವವರಿಗೆ, ನಿಯಮ ಮೀರುವುದನ್ನೇ ಜಾಣತನವೆಂದು ಹೇಳಿಕೊಳ್ಳುವವರಿಗೆ ನಯವಾಗಿ ಇಲ್ಲ ಎನ್ನಿ. ನಿಮ್ಮ ಸಹಿಗೆ ನಿಮ್ಮ ನೋಂದಣಿ ಒತ್ತೆಯಿದೆ.

ಆರನೆಯ ಹಂತ: ಕಾಗದದ ಶಿಸ್ತು ಮತ್ತು ಸೈಟಿನ ಮಾತು

ಹೊರಹೋಗುವ ಪ್ರತಿ ಹಾಳೆಗೂ ಸಂಖ್ಯೆ, ದಿನಾಂಕ, ಎಷ್ಟನೆಯ ತಿದ್ದುಪಡಿ ಎಂಬ ಗುರುತು ಬೇಕು. ಬದಲಾದ ಜಾಗದ ಸುತ್ತ ಮೋಡದಂಥ ಗೆರೆ ಬೇಕು. ಯಾರಿಗೆ ಯಾವಾಗ ಕಳಿಸಿದ್ದೆಂಬ ಪಟ್ಟಿ ಬೇಕು. ಸೈಟಿನ ಗೋಡೆಗೆ ಅಂಟಿಸಿದ ಹಳೆಯ ಹಾಳೆಯನ್ನು ನೋಡಿ ಮೇಸ್ತ್ರಿ ಕಿಟಕಿ ಬಿಟ್ಟಿದ್ದರೆ ಅದು ಅವರ ತಪ್ಪೆಂದು ಹೇಳುವ ಮೊದಲು, ಹಳೆಯ ಹಾಳೆಯನ್ನು ವಾಪಸು ಪಡೆಯುವ ಜವಾಬ್ದಾರಿ ಯಾರದೆಂದು ನೀವು ಬರೆದಿದ್ದಿರಾ ಎಂದು ನೋಡಿಕೊಳ್ಳಬೇಕಾಗುತ್ತದೆ. ಪ್ರತಿ ಸಭೆಯ, ಪ್ರತಿ ಮುಖ್ಯ ಫೋನ್ ಕರೆಯ ಸಾರಾಂಶವನ್ನು ಮರುದಿನದೊಳಗೆ ಎಲ್ಲರಿಗೂ ಕಳಿಸಿ, ಇಂತಿಷ್ಟು ದಿನದಲ್ಲಿ ಆಕ್ಷೇಪ ಬರದಿದ್ದರೆ ಒಪ್ಪಿಗೆಯೆಂದು ತಿಳಿಯಲಾಗುವುದು ಎಂದು ಕೊನೆಗೆ ಸೇರಿಸಿ. ನಾಲ್ಕು ಸಾಲಾದರೂ ಸಾಕು. ಮುಗಿದ ಕೆಲಸದ ಫೈಲುಗಳನ್ನು ಆಯಾ ಸಾಫ್ಟ್‌ವೇರಿನ ರೂಪದಲ್ಲಷ್ಟೇ ಇಡದೆ ಪಿಡಿಎಫ್ ಮತ್ತು ಐಎಫ್‌ಸಿಯಂಥ ಬೇರೆ ಸಾಫ್ಟ್‌ವೇರಿನಲ್ಲೂ ತೆರೆಯಬಹುದಾದ ಮುಕ್ತ ರೂಪದಲ್ಲೂ ಎರಡು ಬೇರೆ ಜಾಗಗಳಲ್ಲಿ ಇಡಿ.

ಸೈಟಿನಲ್ಲಿ ನಿಮ್ಮ ಪಾತ್ರ ನಕ್ಷೆಯಂತೆ ಕೆಲಸ ನಡೆಯುತ್ತಿದೆಯೇ ಎಂದು ಪರಿಶೀಲಿಸುವುದು. ಕೆಲಸಗಾರರನ್ನು ನಡೆಸುವುದು ಗುತ್ತಿಗೆದಾರರ ಹೊಣೆ. ಈ ಗೆರೆಯನ್ನು ದಾಟಿ ನೀವೇ ಕೂಲಿಯವರಿಗೆ ಆಜ್ಞೆ ಕೊಡತೊಡಗಿದರೆ ಅವರ ಹೊಣೆಯೂ ನಿಮ್ಮ ಮೇಲೆ ಬರುತ್ತದೆ. ಸೈಟಿನಲ್ಲಿ ಒಂದು ಸೂಚನಾ ಪುಸ್ತಕವಿಡಿ. ಹೇಳಿದ್ದನ್ನು ಅದರಲ್ಲಿ ಬರೆದು ಗುತ್ತಿಗೆದಾರರ ಸಹಿ ಪಡೆಯಿರಿ, ಹಣದ ಮೇಲೆ ಪರಿಣಾಮ ಬೀರುವ ಬದಲಾವಣೆಯಾದರೆ ಕಟ್ಟಿಸುವವರ ಒಪ್ಪಿಗೆಯನ್ನೂ ಮೊದಲೇ ಪಡೆಯಿರಿ. ಹಾಗೆಂದು ಮೇಸ್ತ್ರಿಗಳ ಮಾತಿಗೆ ಕಿವಿಗೊಡದಿರಬೇಡಿ. ‘ಸ್ವಾಮಿ, ಈ ಸಂದಿಯಲ್ಲಿ ಕರಣೆ ಆಡುವುದಿಲ್ಲ’ ಎಂದು ಒಬ್ಬರು ಹಿರಿಯರು ನನ್ನ ನಕ್ಷೆಯ ಮೇಲೆ ಬೆರಳಿಟ್ಟು ಹೇಳಿದ ದಿನ, ಗೆರೆ ಎಳೆಯುವಾಗ ಅಲ್ಲಿ ಒಂದು ಕೈ ಹೋಗಬೇಕು ಎಂಬುದನ್ನು ಯೋಚಿಸಲು ಕಲಿತೆ.

ಏಳನೆಯ ಹಂತ: ಮುಂದಿನ ಕೆಲಸ ಬರುವ ದಾರಿ

ಸಣ್ಣ ಕಚೇರಿಗೆ ಕೆಲಸ ಬರುವುದು ಹೆಚ್ಚಾಗಿ ಹಿಂದಿನ ಗ್ರಾಹಕರ ಬಾಯಿಂದ. ಕಟ್ಟಡ ಮುಗಿದಾಗ ಒಳ್ಳೆಯ ಛಾಯಾಗ್ರಾಹಕರಿಂದ ಚಿತ್ರ ತೆಗೆಸುವ ಖರ್ಚನ್ನು ಶುಲ್ಕದ ಲೆಕ್ಕದಲ್ಲೇ ಸೇರಿಸಿಕೊಂಡಿರಿ, ಪ್ರಕಟಿಸಲು ಮನೆಯವರ ಒಪ್ಪಿಗೆ ಪಡೆಯಿರಿ. ಸ್ಪರ್ಧೆಗಳ ವಿಷಯದಲ್ಲಿ ಎಚ್ಚರವಿರಲಿ. ಸಿಡ್ನಿ ಆಪೆರಾ ಹೌಸಿನ ಸ್ಪರ್ಧೆಗೆ 233 ವಿನ್ಯಾಸಗಳು, 1971ರಲ್ಲಿ ತೀರ್ಮಾನವಾದ ಪ್ಯಾರಿಸ್ಸಿನ ಪಾಂಪಿಡೂ ಕೇಂದ್ರದ ಸ್ಪರ್ಧೆಗೆ 681 ವಿನ್ಯಾಸಗಳು ಬಂದಿದ್ದವು. ಗೆದ್ದದ್ದು ತಲಾ ಒಂದು. ವರ್ಷಕ್ಕೊಂದು ಸ್ಪರ್ಧೆಗೆ ಇಷ್ಟೇ ಗಂಟೆ ಎಂದು ಮೊದಲೇ ತೆಗೆದಿಟ್ಟು, ಕಲಿಕೆಗಾಗಿ ಭಾಗವಹಿಸಿದರೆ ನಷ್ಟವಿಲ್ಲ.

ಮೊದಲ ಸಹಾಯಕರನ್ನು ಸೇರಿಸಿಕೊಳ್ಳುವುದು ಮುಂದಿನ ಆರು ತಿಂಗಳ ಅವರ ಸಂಬಳ ಬ್ಯಾಂಕಿನಲ್ಲಿರುವಾಗ ಮಾತ್ರ. ಹೊಸಬರಿಗೆ ಕಲಿಸಲು ನಿಮ್ಮ ಗಂಟೆಗಳೂ ಖರ್ಚಾಗುತ್ತವೆ, ಆದ್ದರಿಂದ ಮೊದಲ ಕೆಲವು ತಿಂಗಳು ನಿಮ್ಮ 1,100 ಇನ್ನಷ್ಟು ಕುಗ್ಗುತ್ತದೆಂದು ಲೆಕ್ಕ ಹಾಕಿ. ಅವರನ್ನು ಸೈಟಿಗೆ ಕರೆದೊಯ್ಯಿರಿ, ಅವರು ಮಾಡಿದ ಕೆಲಸದಲ್ಲಿ ಅವರ ಹೆಸರು ಹಾಕಿ.

ಎಂಟನೆಯ ಹಂತ: ಒಂದು ವರ್ಷದ ನಂತರ

ಮನೆಯವರು ವಾಸಕ್ಕೆ ಬಂದು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ಅಲ್ಲಿಗೆ ಹೋಗಿ. ಇದರ ಗಂಟೆಗಳನ್ನೂ ಮೊದಲ ದಿನವೇ ಶುಲ್ಕದಲ್ಲಿ ಸೇರಿಸಿರಬೇಕು. ಎಲ್ಲಿ ಸೋರಿತು, ಯಾವ ಕಿಟಕಿಯನ್ನು ತೆರೆಯುವುದೇ ಇಲ್ಲ, ಯಾವ ಕೋಣೆ ಸೆಖೆ, ಚಪ್ಪಲಿಗಳು ನೀವು ಮಾಡಿದ ಗೂಡಿನಲ್ಲಿವೆಯೋ ಬಾಗಿಲ ಮುಂದಿವೆಯೋ ಎಂದು ನೋಡಿ, ಸ್ವಿಚ್ಚುಗಳ ಎತ್ತರದಿಂದ ಹಿಡಿದು ಅಂಗಳದ ಇಳಿಜಾರಿನವರೆಗೆ ಬರೆದುಕೊಳ್ಳಿ. ಕಚೇರಿಗೆ ಮರಳಿದ ಸಂಜೆಯೇ ಆ ಟಿಪ್ಪಣಿಯನ್ನು ನಿಮ್ಮ ಕಚೇರಿಯ ಮಾದರಿ ಡೀಟೇಲ್ ಹಾಳೆಗಳಿಗೆ ದಾಟಿಸಿ, ತಿದ್ದುಪಡಿಯ ಸಂಖ್ಯೆಯನ್ನೂ ದಿನಾಂಕವನ್ನೂ ಬರೆಯಿರಿ. ನಮ್ಮ ಮೆಟ್ಟಿಲಿನ ಹಾಳೆ ಈಗ ಹನ್ನೊಂದನೆಯ ತಿದ್ದುಪಡಿಯಲ್ಲಿದೆ. ‘ಎಲ್ಲ ಎತ್ತರಗಳೂ ಫಿನಿಶ್ ಆದ ನಂತರದವು, ಮೊದಲ ಮತ್ತು ಕೊನೆಯ ಮೆಟ್ಟಿಲನ್ನು ಎರಕಕ್ಕೆ ಮೊದಲು ಅಳೆಯಿರಿ’ ಎಂಬ ಸಾಲು ಅದರಲ್ಲಿ ಮೊದಲನೆಯದು.